ಗಣಿ ಕಂಪನಿ ಎಷ್ಟು ಜವಾಬ್ದಾರಿಯುತ? ಬೆಂಗಳೂರಲ್ಲೇ ಕೂತು ಪರೀಕ್ಷೆ ಮಾಡುವುದು ಹೇಗೆ

ಹೋದ ವರ್ಷ ನಮ್ಮ ಹಳೆ ವಿದ್ಯಾರ್ಥಿ ಸಂಘಕ್ಕೆ ಒಂದು ದೊಡ್ಡ ಗಣಿ ಕಂಪನಿಯಿಂದ ಪತ್ರ ಬಂತು. ವಿದ್ಯಾರ್ಥಿವೇತನಕ್ಕೆ ಸಿಎಸ್‌ಆರ್ ದುಡ್ಡು (ಕಂಪನಿಗಳು ಸಮಾಜದ ಕೆಲಸಕ್ಕೆ ಎತ್ತಿಡಬೇಕಾದ ದುಡ್ಡು) ಕೊಡುತ್ತೇವೆ, ಬೋರ್ಡಿನಲ್ಲಿ ನಮ್ಮ ಹೆಸರು ಹಾಕಿ ಸಾಕು ಅಂತ. ಮೀಟಿಂಗಿನಲ್ಲಿ ಅರ್ಧ ಜನ "ದುಡ್ಡಿಗೇನು ಜಾತಿ ಇದೆಯಾ, ತಗೊಳ್ಳಿ" ಅಂದರು. ಇನ್ನರ್ಧ ಜನ "ಗಣಿಯವರ ದುಡ್ಡಾ? ಬೇಡವೇ ಬೇಡ" ಅಂದರು. ಆ ಕಂಪನಿ ಬಗ್ಗೆ ಎರಡೂ ಕಡೆಯವರಿಗೆ ಏನೂ ಗೊತ್ತಿರಲಿಲ್ಲ. ಸಂಘದ ಲೆಕ್ಕ ಬರೆಯುವವನು ನಾನು. ಹಾಗಾಗಿ "ನೀವೇ ನೋಡಿ ಹೇಳಿ ಸಾರ್" ಅಂತ ನನ್ನ ತಲೆಗೆ ಕಟ್ಟಿ ಕಾಫಿ ಕುಡಿದು ಹೊರಟುಬಿಟ್ಟರು.

ಕಂಪನಿ ಹೆಸರು ಇಲ್ಲಿ ಬೇಡ. ಎರಡು ತಿಂಗಳು ರಾತ್ರಿ ಊಟ ಆದಮೇಲೆ ಕೂತು ನಾನು ಏನು ಹುಡುಕಿದೆ, ಯಾವ ಕಾಗದ ಎಲ್ಲಿ ಸಿಕ್ಕಿತು, ಎಲ್ಲಿ ಎಡವಿದೆ ಅನ್ನುವುದನ್ನು ಬರೆಯುತ್ತೇನೆ. ಷೇರು ಕೊಳ್ಳುವ ಮುಂಚೆ, ಕೆಲಸಕ್ಕೆ ಸೇರುವ ಮುಂಚೆ, ಅಥವಾ ನಿಮ್ಮ ಊರ ಪಕ್ಕದ ಗುಡ್ಡಕ್ಕೆ ಜೆಸಿಬಿ ಬರುತ್ತದಂತೆ ಅಂತ ಸುದ್ದಿ ಬಂದಾಗ ಇದೇ ದಾರಿ ಹಿಡಿಯಬಹುದು.

ಇಡೀ ಕೆಲಸದ ಗುಟ್ಟು ಒಂದೇ. ಕಂಪನಿ ಷೇರುದಾರರಿಗೆ ಬರೆದ ಕಾಗದ ಒಂದಿರುತ್ತದೆ. ಅದೇ ಕಂಪನಿ ಸರಕಾರಿ ಕಚೇರಿಗೆ ಬರೆದುಕೊಟ್ಟ ಕಾಗದ ಇನ್ನೊಂದಿರುತ್ತದೆ. ಎರಡನ್ನೂ ಪಕ್ಕಪಕ್ಕ ಇಟ್ಟು ಓದಬೇಕು. ಒಂದನ್ನೇ ಓದಿದರೆ ಎಲ್ಲಾ ಕಂಪನಿಯೂ ಒಳ್ಳೆಯದೇ ಕಾಣುತ್ತದೆ.

ಹೆಜ್ಜೆ 1: ಕಂಪನಿಯನ್ನು ಬಿಡಿ, ಗಣಿಗಳ ಪಟ್ಟಿ ಮಾಡಿ

ಹಾನಿ ಆಗುವುದು ಹೆಡ್ ಆಫೀಸಿನಲ್ಲಿ ಅಲ್ಲ, ಗಣಿಯಲ್ಲಿ. ಆದ್ದರಿಂದ ಮೊದಲು ಒಂದು ಎಕ್ಸೆಲ್ ಹಾಳೆ ತೆಗೆಯಿರಿ. ಗಣಿಯ ಹೆಸರು, ಹಳ್ಳಿ, ತಾಲ್ಲೂಕು, ಯಾವ ಅದಿರು, ಲೀಸ್ ಎಷ್ಟು ಹೆಕ್ಟೇರ್, ಅದರಲ್ಲಿ ಅರಣ್ಯ ಭೂಮಿ ಎಷ್ಟು, ಲೀಸ್ ಯಾವಾಗ ಮುಗಿಯುತ್ತದೆ, ಈಗ ನಡೆಯುತ್ತಿದೆಯಾ ನಿಂತಿದೆಯಾ. ಇವೇ ಕಾಲಂಗಳು. ಹೆಚ್ಚಿನ ವಿವರ ವಾರ್ಷಿಕ ವರದಿಯಲ್ಲೇ ಸಿಗುತ್ತದೆ. ಉಳಿದದ್ದಕ್ಕೆ ರೇಸ್ ಕೋರ್ಸ್ ರಸ್ತೆಯ ಖನಿಜ ಭವನ ಇದೆ, ಅಲ್ಲಿ ಗಣಿ ಮತ್ತು ಭೂವಿಜ್ಞಾನ ಇಲಾಖೆಯ ಕಚೇರಿ.

ಎರಡು ಕಡೆ ಎಚ್ಚರ ಇರಲಿ. ಒಂದು, ಪಾಲುದಾರಿಕೆಯ ಗಣಿಗಳು. 2015ರ ನವೆಂಬರ್ 5ರಂದು ಬ್ರೆಜಿಲ್‌ನ ಮರಿಯಾನ ಹತ್ತಿರ ಫುಂಡಾವ್ ಅನ್ನುವ ಅಣೆಕಟ್ಟು ಒಡೆದು 19 ಜನ ಸತ್ತರು. ಆ ಗಣಿ ಸಮಾರ್ಕೊ ಅನ್ನುವ ಕಂಪನಿಯದು. ಅದರ ಮಾಲೀಕರು ವಾಲೆ ಮತ್ತು ಬಿಎಚ್‌ಪಿ, ಇಬ್ಬರದೂ ಅರ್ಧರ್ಧ. ಲಾಭದ ಪಾಲು ವರದಿಯಲ್ಲಿ ಇರುತ್ತದೆ, ಜವಾಬ್ದಾರಿಯ ಪಾಲು ಮಾತ್ರ ಎಲ್ಲೋ ಸಣ್ಣಕ್ಷರಕ್ಕೆ ಹೋಗಿಬಿಡುತ್ತದೆ.

ಎರಡನೆಯದು ಮುಚ್ಚಿದ ಗಣಿಗಳು. ಇವನ್ನು ಪಟ್ಟಿಯಿಂದ ಬಿಡಬೇಡಿ. ಬೆಂಗಳೂರಿಂದ ಎರಡು ಗಂಟೆ ದಾರಿಯಲ್ಲಿ ಕೆಜಿಎಫ್ ಇದೆಯಲ್ಲ, 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿತು. ಆದರೆ ಚಿನ್ನ ತೆಗೆದುಳಿದ ಬೂದುಬಣ್ಣದ ಸೈನೈಡ್ ದಿಬ್ಬಗಳು ಇವತ್ತಿಗೂ ಊರ ನಡುವೆ ನಿಂತಿವೆ. ಗಾಳಿ ಬೀಸಿದರೆ ಪುಡಿ ಮನೆಯೊಳಗೆ ಬರುತ್ತದೆ. ಗಣಿ ಮುಚ್ಚಿದರೂ ಅದರ ಹೊರೆ ಮುಗಿಯುವುದಿಲ್ಲ. ಹಾಗಾಗಿ ಪ್ರತಿ ಗಣಿಗೂ ಮುಚ್ಚುವ ಯೋಜನೆ ಇದೆಯಾ, ಅದಕ್ಕೆ ಎಷ್ಟು ದುಡ್ಡು ಎತ್ತಿಟ್ಟಿದ್ದಾರೆ ಅನ್ನುವ ಕಾಲಂ ಸೇರಿಸಿ. ಎತ್ತಿಟ್ಟ ದುಡ್ಡನ್ನು ಬ್ಯಾಲೆನ್ಸ್ ಶೀಟಿನ ಟಿಪ್ಪಣಿಗಳಲ್ಲಿ ಹುಡುಕಿ. ಬಣ್ಣದ ಫೋಟೋ ಇರುವ ಪುಟಗಳಲ್ಲಿ ಸಿಗುವುದಿಲ್ಲ.

ಹೆಜ್ಜೆ 2: ಬಿಆರ್‌ಎಸ್‌ಆರ್ ತೆಗೆದು ಐದು ಜಾಗ ಮಾತ್ರ ಓದಿ

ಷೇರು ಪೇಟೆಯ ಮೊದಲ 1000 ಕಂಪನಿಗಳು ಬಿಆರ್‌ಎಸ್‌ಆರ್ ಅನ್ನುವ ವರದಿ, ಅಂದರೆ ವ್ಯವಹಾರದ ಹೊಣೆಗಾರಿಕೆ ಮತ್ತು ಸುಸ್ಥಿರತೆಯ ವರದಿ, ಕೊಡಲೇಬೇಕು. 2022-23ರಿಂದ ಷೇರು ಪೇಟೆಯ ನಿಯಂತ್ರಕ ಸೆಬಿ ಇದನ್ನು ಕಡ್ಡಾಯ ಮಾಡಿದೆ. ಬಿಎಸ್‌ಇ ಅಥವಾ ಎನ್‌ಎಸ್‌ಇ ತಾಣದಲ್ಲಿ ಪುಕ್ಕಟೆ ಸಿಗುತ್ತದೆ. ಕಂಪನಿ ತನ್ನ ತಾಣದಲ್ಲಿ ಹಾಕುವ 'ಸುಸ್ಥಿರತೆ ವರದಿ' ಬೇರೆ. ಅದರಲ್ಲಿ ನಗುವ ಮಕ್ಕಳು, ಸಸಿ ನೆಡುವ ಅಧಿಕಾರಿಗಳು ಇರುತ್ತಾರೆ. ಅದನ್ನು ಆಮೇಲೆ ಬೇಕಾದರೆ ನೋಡಿ. ಬಿಆರ್‌ಎಸ್‌ಆರ್‌ನಲ್ಲಿ ಸೆಬಿ ಕೇಳಿದ ಪ್ರಶ್ನೆಗೆ ಉತ್ತರ ಬರೆಯಲೇಬೇಕು, ಖಾಲಿ ಬಿಟ್ಟರೆ ಖಾಲಿ ಅಂತ ಕಾಣುತ್ತದೆ.

ಇಡೀ ವರದಿ ಓದಲು ಹೋಗಬೇಡಿ, ನಿದ್ದೆ ಬರುತ್ತದೆ. ಒಂಬತ್ತು ತತ್ವ ಅಂತ ಭಾಗ ಮಾಡಿದ್ದಾರೆ. ನಮಗೆ ಬೇಕಾದವು ಐದು: 1ರಲ್ಲಿ ದಂಡ ಕಟ್ಟಿದ ಪಟ್ಟಿ, 3ರಲ್ಲಿ ಕಾರ್ಮಿಕರ ಸುರಕ್ಷತೆ, 5ರಲ್ಲಿ ಮಾನವ ಹಕ್ಕು, 6ರಲ್ಲಿ ಪರಿಸರ, 8ರಲ್ಲಿ ಸುತ್ತಲ ಜನ ಮತ್ತು ಪುನರ್ವಸತಿ.

ಸುರಕ್ಷತೆಯ ಕೋಷ್ಟಕದಲ್ಲಿ 'ಎಂಪ್ಲಾಯಿ' ಮತ್ತು 'ವರ್ಕರ್' ಬೇರೆ ಬೇರೆ ಸಾಲು. ಎರಡನೇ ಸಾಲೇ ಮುಖ್ಯ. ಗಣಿಯಲ್ಲಿ ಟಿಪ್ಪರ್ ಓಡಿಸುವವರು, ಬ್ಲಾಸ್ಟಿಂಗ್ ಸಹಾಯಕರು, ಧೂಳಿಗೆ ನೀರು ಹಾಕುವವರು ಹೆಚ್ಚಾಗಿ ಗುತ್ತಿಗೆದಾರನ ಕಡೆಯವರು. ಅವರ ಲೆಕ್ಕ ಸೇರಿದೆಯಾ ನೋಡಿ. ಇಲ್ಲಿ ಅಪಘಾತದ 'ದರ' ಅಂತ ಒಂದು ಅಂಕಿ ಇರುತ್ತದೆ, ಪ್ರತಿ ಹತ್ತು ಲಕ್ಷ ಗಂಟೆ ಕೆಲಸಕ್ಕೆ ಎಷ್ಟು ಅಂತ. ದರ ಇಳಿದಿದೆ ಅಂತ ಖುಷಿಪಡುವ ಮುಂಚೆ ಅದರ ಕೆಳಗಿನ ಸಾಲು ನೋಡಿ, ಸತ್ತವರು ಎಷ್ಟು ಜನ ಅಂತ. ಸಣ್ಣಪುಟ್ಟ ಗಾಯವನ್ನು 'ಲಘು ಕೆಲಸಕ್ಕೆ ಹಾಕಿದ್ದೆವು' ಅಂತ ಬರೆದು ಲೆಕ್ಕದಿಂದ ತಪ್ಪಿಸಬಹುದು. ಸಾವನ್ನು ತಪ್ಪಿಸುವುದು ಕಷ್ಟ.

ದೂರುಗಳ ಪಟ್ಟಿಯಲ್ಲಿ 'ಸಮುದಾಯದಿಂದ ಬಂದ ದೂರು: ಸೊನ್ನೆ' ಅಂತ ಇದ್ದರೆ ನಾನು ಅನುಮಾನ ಪಡುತ್ತೇನೆ. ನಮ್ಮ ಅಪಾರ್ಟ್‌ಮೆಂಟಿನಲ್ಲಿ 40 ಮನೆ ಇವೆ. ನೀರಿನ ಮೋಟರಿನ ಸದ್ದಿನ ಬಗ್ಗೆಯೇ ತಿಂಗಳಿಗೆ ನಾಲ್ಕು ದೂರು ಬರುತ್ತದೆ. ದಿನಕ್ಕೆ ನೂರಾರು ಲಾರಿ ಓಡುವ ಹಳ್ಳಿಯಿಂದ ವರ್ಷಕ್ಕೆ ಒಂದೂ ದೂರು ಇಲ್ಲ ಅಂದರೆ, ದೂರು ಕೊಡುವ ಜಾಗವೇ ಜನರಿಗೆ ಗೊತ್ತಿಲ್ಲ ಅಂತ ಅರ್ಥ, ಅಲ್ವಾ?

ಈಗ ನಾನು ಮೊದಲು ಮೋಸ ಹೋದ ಜಾಗ. ನೀರು, ಕರೆಂಟು, ಹೊಗೆ ಎಲ್ಲಕ್ಕೂ 'ತೀವ್ರತೆ' ಅಂತ ಒಂದು ಅಂಕಿ ಕೊಡುತ್ತಾರೆ, ವಹಿವಾಟಿನ ಪ್ರತಿ ರೂಪಾಯಿಗೆ ಎಷ್ಟು ಅಂತ. ನಾನು ನೋಡಿದ ವರದಿಯಲ್ಲಿ ಅದು ವರ್ಷವರ್ಷ ಇಳಿಯುತ್ತಿತ್ತು. ಭಲೇ ಅಂದುಕೊಂಡೆ. ಆಮೇಲೆ ಲೆಕ್ಕದವನ ಬುದ್ಧಿ ಓಡಿತು. ಒಂದು ಕಲ್ಪಿತ ಉದಾಹರಣೆ ಮಾಡಿ ನೋಡೋಣ. ಒಂದು ಕಂಪನಿ ಒಂದು ಕೋಟಿ ಟನ್ ಅದಿರು ತೆಗೆದು ಟನ್ನಿಗೆ 3000 ರೂಪಾಯಿಯಂತೆ ಮಾರಿತು. ವಹಿವಾಟು 3000 ಕೋಟಿ. ಬಳಸಿದ ನೀರು 30 ಲಕ್ಷ ಕಿಲೋಲೀಟರ್. ಅಂದರೆ ಕೋಟಿ ರೂಪಾಯಿಗೆ 1000 ಕಿಲೋಲೀಟರ್. ಮುಂದಿನ ವರ್ಷ ಅದಿರಿನ ಬೆಲೆ 4500ಕ್ಕೆ ಏರಿತು. ತೆಗೆದದ್ದು ಅಷ್ಟೇ ಅದಿರು, ಬಳಸಿದ ನೀರು 33 ಲಕ್ಷ ಕಿಲೋಲೀಟರ್. ಕೋಟಿ ರೂಪಾಯಿಗೆ ಲೆಕ್ಕ ಹಾಕಿದರೆ 733. ವರದಿಯಲ್ಲಿ 'ನೀರಿನ ತೀವ್ರತೆ ಶೇ 27ರಷ್ಟು ಇಳಿಕೆ' ಅಂತ ದಪ್ಪಕ್ಷರದಲ್ಲಿ ಬರುತ್ತದೆ. ಆದರೆ ಟನ್ನಿಗೆ 300 ಲೀಟರ್ ಇದ್ದದ್ದು 330 ಆಗಿದೆ. ಹಳ್ಳಿಯ ಬೋರ್‌ವೆಲ್‌ಗೆ ಅದಿರಿನ ರೇಟು ಏರಿದ್ದು ಗೊತ್ತಿರುತ್ತದಾ?

ಆದ್ದರಿಂದ ಯಾವ ಅಂಕಿ ಆದರೂ ಟನ್ನಿಗೆ ಎಷ್ಟು, ಒಟ್ಟು ಎಷ್ಟು ಅಂತ ನೀವೇ ಭಾಗಿಸಿ ನೋಡಿ. ಕನಿಷ್ಠ ಮೂರು ವರ್ಷದ್ದು. ನೀರು ಎಲ್ಲಿಂದ ತೆಗೆದರು ಅನ್ನುವ ಸಾಲೂ ಇರುತ್ತದೆ, ಕೆರೆ-ಹೊಳೆಯಿಂದಲೋ ಅಂತರ್ಜಲದಿಂದಲೋ ಅಂತ. ಗಣಿ ಗುಂಡಿಗೆ ಬಸಿದ ನೀರನ್ನು ಪಂಪ್ ಮಾಡಿ ಹೊರಗೆ ಹಾಕುತ್ತಾರಲ್ಲ, ಅದು ಲೆಕ್ಕದಲ್ಲಿ ಸೇರಿದೆಯಾ ಅಂತಲೂ ನೋಡಿ.

ಹೊಗೆಯ ವಿಷಯ ಬೇಗ ಮುಗಿಸುತ್ತೇನೆ. ಸ್ಕೋಪ್ 1 ಅಂದರೆ ಕಂಪನಿ ಸ್ವತಃ ಸುಟ್ಟದ್ದು, ಸ್ಕೋಪ್ 2 ಅಂದರೆ ಕೊಂಡ ಕರೆಂಟಿನದ್ದು, ಸ್ಕೋಪ್ 3 ಅಂದರೆ ಉಳಿದ ಎಲ್ಲ. ಕಬ್ಬಿಣದ ಅದಿರು ಕಂಪನಿಗೆ ಸ್ಕೋಪ್ 3ರಲ್ಲೇ ಬಹುಪಾಲು ಬರುತ್ತದೆ, ಯಾಕೆಂದರೆ ಅದಿರು ಉಕ್ಕಾಗುವುದು ಬೇರೆಯವರ ಕುಲುಮೆಯಲ್ಲಿ. ಮೊದಲ ಎರಡನ್ನು ಮಾತ್ರ ತೋರಿಸಿ 'ನೆಟ್ ಜೀರೊ', ಅಂದರೆ ನಮ್ಮ ಹೊಗೆಯ ನಿವ್ವಳ ಲೆಕ್ಕ ಸೊನ್ನೆ, ಅಂತ ಹೇಳಿದರೆ ನಂಬಬೇಡಿ.

ಹೆಜ್ಜೆ 3: ಸರಕಾರಕ್ಕೆ ಬರೆದ ಕಾಗದ

ಇಲ್ಲಿಂದ ನಿಜವಾದ ಕೆಲಸ ಶುರು. ದೊಡ್ಡ ಗಣಿಗೆ 2006ರ ಸೆಪ್ಟೆಂಬರ್ 14ರ ಇಐಎ (ಪರಿಸರ ಪರಿಣಾಮ ಅಂದಾಜು) ಅಧಿಸೂಚನೆಯ ಪ್ರಕಾರ ಪರಿಸರ ಅನುಮತಿ ಬೇಕು. ಆ ಅನುಮತಿ ಪತ್ರದಲ್ಲಿ ಷರತ್ತುಗಳ ಉದ್ದ ಪಟ್ಟಿ ಇರುತ್ತದೆ. ವರ್ಷಕ್ಕೆ ಎಷ್ಟು ಟನ್ ತೆಗೆಯಬಹುದು, ಎಲ್ಲಿ ಮಣ್ಣು ಸುರಿಯಬಹುದು, ಎಷ್ಟು ಗಿಡ ನೆಡಬೇಕು, ಎಲ್ಲಿ ಧೂಳು ಅಳೆಯಬೇಕು, ಎಲ್ಲವೂ. ಈ ಷರತ್ತು ಪಾಲಿಸಿದ್ದೇವೆ ಅಂತ ಕಂಪನಿ ಆರು ತಿಂಗಳಿಗೊಮ್ಮೆ, ಜೂನ್ 1 ಮತ್ತು ಡಿಸೆಂಬರ್ 1ಕ್ಕೆ, ವರದಿ ಕೊಡಬೇಕು. ಇದು ಯಾರು ಬೇಕಾದರೂ ನೋಡಬಹುದಾದ ಕಾಗದ. ಪರಿಸರ ಸಚಿವಾಲಯದ ಪರಿವೇಶ್ ತಾಣದಲ್ಲಿ ಯೋಜನೆಯ ಹೆಸರು ಹಾಕಿ ಹುಡುಕಿ, ಸಿಗದಿದ್ದರೆ ಕಂಪನಿಯ ತಾಣದಲ್ಲೇ ಎಲ್ಲೋ ಮೂಲೆಯಲ್ಲಿ ಇರುತ್ತದೆ.

ಓದುವ ಕ್ರಮ ಹೀಗೆ. ಅನುಮತಿ ಪತ್ರವನ್ನು ಎಡಗಡೆ ಇಡಿ, ಆರು ತಿಂಗಳ ವರದಿಯನ್ನು ಬಲಗಡೆ ಇಡಿ. ಷರತ್ತು ಒಂದೊಂದೇ ನೋಡುತ್ತಾ ಹೋಗಿ. 'ಪಾಲಿಸಲಾಗಿದೆ', 'ಪಾಲಿಸಲಾಗುತ್ತಿದೆ', 'ಗಮನಿಸಲಾಗಿದೆ' ಅಂತ ಮೂರು ಥರದ ಉತ್ತರ ಇರುತ್ತದೆ. ಮೊದಲನೆಯದಕ್ಕೆ ಅಂಕಿ, ತಾರೀಕು, ಫೋಟೋ ಏನಾದರೂ ಜೊತೆಗಿದ್ದರೆ ಸರಿ. 'ಗಮನಿಸಲಾಗಿದೆ' ಅಂದರೆ ಏನೂ ಮಾಡಿಲ್ಲ ಅಂತ ನಾನು ಓದಿಕೊಳ್ಳುತ್ತೇನೆ.

ಆಮೇಲೆ ಧೂಳಿನ ಪಟ್ಟಿ. ನಾನು ನೋಡುತ್ತಿದ್ದ ಗಣಿಯ ಪಕ್ಕದ ಹಳ್ಳಿಯ ಶಾಲೆ ಹತ್ತಿರ ಪಿಎಂ10, ಅಂದರೆ ಉಸಿರಿನ ಜೊತೆ ಒಳಗೆ ಹೋಗುವಷ್ಟು ಸಣ್ಣ ಧೂಳು, ಅಳೆಯುವ ಜಾಗ ಇತ್ತು. ಒಂದು ಅರ್ಧ ವರ್ಷದ ಪಟ್ಟಿಯಲ್ಲಿ 71.4, 68.9, 73.2 ಅಂತ ಇತ್ತು. ಮುಂದಿನ ಅರ್ಧ ವರ್ಷದ ಪಟ್ಟಿ ತೆಗೆದೆ. 71.4, 68.9, 73.2. ಮೊದಲು ನಾನೇ ಒಂದೇ ಫೈಲನ್ನು ಎರಡು ಸಲ ತೆಗೆದಿದ್ದೇನೆ ಅಂದುಕೊಂಡೆ. ತಾರೀಕು ನೋಡಿದೆ, ಬೇರೆ. ಒಂದು ಪಟ್ಟಿ ಏಪ್ರಿಲ್‌ನಿಂದ, ಇನ್ನೊಂದು ಅಕ್ಟೋಬರ್‌ನಿಂದ. ಬೇಸಿಗೆಯ ಧೂಳೂ ಚಳಿಗಾಲದ ಧೂಳೂ ದಶಮಾಂಶದವರೆಗೆ ಒಂದೇ ಥರ ಬೀಳುತ್ತದಾ? ಯಾರೋ ಹಳೆ ಪಟ್ಟಿ ಕಾಪಿ ಮಾಡಿ ತಾರೀಕು ಬದಲಿಸಿದ್ದರು.

ಅದೇ ಪಟ್ಟಿಯ ಕೆಳಗೆ 'ಎಲ್ಲಾ ಅಳತೆಗಳೂ 100ರ ಮಿತಿಯೊಳಗೆ ಇವೆ' ಅಂತ ಬರೆದಿತ್ತು. ಇದು ಸುಳ್ಳಲ್ಲ. ಆದರೆ ಅರ್ಧ ಸತ್ಯ. ನಮ್ಮ ದೇಶದ 2009ರ ಮಾನದಂಡದಲ್ಲಿ ಪಿಎಂ10ಕ್ಕೆ ಎರಡು ಮಿತಿ ಇದೆ, ಒಂದು ಘನ ಮೀಟರ್ ಗಾಳಿಗೆ 24 ಗಂಟೆಯ ಸರಾಸರಿ 100 ಮೈಕ್ರೊಗ್ರಾಂ, ಇಡೀ ವರ್ಷದ ಸರಾಸರಿ 60. ದಿನಾ 71 ಇದ್ದರೆ ದಿನದ ಮಿತಿ ದಾಟಲಿಲ್ಲ, ನಿಜ. ವರ್ಷದ ಮಿತಿ ಮಾತ್ರ ದಾಟಿಹೋಯಿತು. ಈ ಒಂದು ಸಣ್ಣ ಗುಣಾಕಾರ-ಭಾಗಾಕಾರ ಯಾರೂ ಮಾಡುವುದಿಲ್ಲ ಅನ್ನುವ ಧೈರ್ಯದಲ್ಲೇ ಆ ವಾಕ್ಯ ಬರೆಯುತ್ತಾರೆ ಅಂತ ನನ್ನ ಅನಿಸಿಕೆ.

ಹೆಜ್ಜೆ 4: ಮೇಲಿಂದ ನೋಡಿ

ಗೂಗಲ್ ಅರ್ಥ್‌ನಲ್ಲಿ ಹಳೆ ಚಿತ್ರಗಳಿಗೆ ಹೋಗುವ ಗಡಿಯಾರದ ಗುರುತು ಇದೆ. ಯುರೋಪಿನ ಸೆಂಟಿನೆಲ್-2 ಉಪಗ್ರಹದ ಚಿತ್ರಗಳೂ ಪುಕ್ಕಟೆ, ಸುಮಾರು ಐದು ದಿನಕ್ಕೊಂದು ಸಿಗುತ್ತದೆ, 10 ಮೀಟರ್ ಅಗಲದ ಜಾಗ ಒಂದು ಚುಕ್ಕಿಯಾಗಿ ಕಾಣುತ್ತದೆ. ಮಳೆಗಾಲದಲ್ಲಿ ಮೋಡ ಬಿಟ್ಟು ಏನೂ ಕಾಣುವುದಿಲ್ಲ, ಡಿಸೆಂಬರ್‌ನಿಂದ ಫೆಬ್ರವರಿವರೆಗಿನದು ಆರಿಸಿ.

ಮೂರು ನೋಡಿ. ಗುಂಡಿ ಲೀಸಿನ ಗಡಿ ದಾಟಿದೆಯಾ. ಮಣ್ಣಿನ ದಿಬ್ಬ, ಅಂದರೆ ಡಂಪ್, ಗಡಿಯಾಚೆ ಜಾರಿದೆಯಾ. ಕೆಳಗಿನ ಹಳ್ಳ, ಕೆರೆಗಳ ಬಣ್ಣ ಮಳೆಗಾಲ ಮುಗಿದಮೇಲೂ ಕೆಂಪಾಗಿಯೇ ಇದೆಯಾ.

ಗಡಿ ದಾಟುವುದನ್ನು ಅಳೆಯಲು ಒಂದು ಅಳತೆಗೋಲು ನಮ್ಮ ರಾಜ್ಯದಲ್ಲೇ ಹುಟ್ಟಿದೆ. ಅಕ್ರಮ ಗಣಿಗಾರಿಕೆ ಬಗ್ಗೆ ಲೋಕಾಯುಕ್ತ ನ್ಯಾಯಮೂರ್ತಿ ಸಂತೋಷ್ ಹೆಗ್ಡೆಯವರ ವರದಿ 2011ರ ಜುಲೈನಲ್ಲಿ ಬಂತು. ಅದೇ ತಿಂಗಳ 29ಕ್ಕೆ ಸುಪ್ರೀಂ ಕೋರ್ಟು ಬಳ್ಳಾರಿಯಲ್ಲಿ ಗಣಿ ನಿಲ್ಲಿಸಿತು, ಆಗಸ್ಟ್‌ನಲ್ಲಿ ಚಿತ್ರದುರ್ಗ, ತುಮಕೂರು ಕೂಡ. ಆಮೇಲೆ ಸರ್ವೆ ಮಾಡಿಸಿ ಗಣಿಗಳನ್ನು ಎ, ಬಿ, ಸಿ ಅಂತ ಮೂರು ವರ್ಗ ಮಾಡಿದರು. ಲೀಸಿನ ಹೊರಗೆ ತೋಡಿದ ಗುಂಡಿ ಲೀಸ್ ಜಾಗದ ಶೇ 10ಕ್ಕಿಂತ ಜಾಸ್ತಿ, ಅಥವಾ ಹೊರಗೆ ಸುರಿದ ಡಂಪ್ ಶೇ 15ಕ್ಕಿಂತ ಜಾಸ್ತಿ ಇದ್ದವು ಸಿ ವರ್ಗಕ್ಕೆ ಹೋದವು. 2013ರ ಏಪ್ರಿಲ್ 18ರ ತೀರ್ಪಿನಲ್ಲಿ ಸಿ ವರ್ಗದ ಲೀಸುಗಳು ರದ್ದಾದವು. ಉಳಿದವು ಹಾಳು ಮಾಡಿದ್ದನ್ನು ಸರಿಪಡಿಸುವ ಆರ್ ಅಂಡ್ ಆರ್ ಯೋಜನೆ ಒಪ್ಪಿಕೊಂಡ ಮೇಲಷ್ಟೇ ಶುರುವಾಗಬೇಕಿತ್ತು.

ನಿಮ್ಮ ಕಂಪನಿಯ ಹಳೆ ಗಣಿ ಈ ಮೂರು ಜಿಲ್ಲೆಗಳಲ್ಲಿದ್ದರೆ ಅದು ಆಗ ಯಾವ ವರ್ಗದಲ್ಲಿತ್ತು ಅಂತ ಹುಡುಕಿ. ಬಿ ವರ್ಗದಲ್ಲಿದ್ದದ್ದೇ ದೊಡ್ಡ ಪಾಪ ಅಂತ ನಾನು ಹೇಳುವುದಿಲ್ಲ. ಆಮೇಲೆ ಏನು ಮಾಡಿದರು ಅನ್ನುವುದು ಮುಖ್ಯ. ಚೆಕ್ ಡ್ಯಾಮು, ತಡೆಗೋಡೆ ಕಟ್ಟಿದರಾ, ಡಂಪಿನ ಮೇಲೆ ಹಸಿರು ಬಂತಾ. 2013ರ ಚಿತ್ರ ಮತ್ತು ಈಗಿನ ಚಿತ್ರ ಪಕ್ಕಪಕ್ಕ ಇಟ್ಟರೆ ಗೊತ್ತಾಗುತ್ತದೆ.

ಹೆಜ್ಜೆ 5: ಟೇಲಿಂಗ್ಸ್ ಅಣೆಕಟ್ಟು ಇದ್ದರೆ ಇಲ್ಲೇ ಜಾಸ್ತಿ ಹೊತ್ತು ನಿಲ್ಲಿ

ಅದಿರು ತೊಳೆದು ಉಳಿದ ಕೆಸರನ್ನು ಟೇಲಿಂಗ್ಸ್ ಅನ್ನುತ್ತಾರೆ. ಅದನ್ನು ಕಣಿವೆಗೆ ಅಡ್ಡ ಕಟ್ಟಿ ನಿಲ್ಲಿಸುತ್ತಾರೆ. ಕುದುರೆಮುಖದಲ್ಲಿ ಲಕ್ಯಾ ಅಣೆಕಟ್ಟು ನೋಡಿದವರಿಗೆ ಇದು ಎಷ್ಟು ದೊಡ್ಡದಿರಬಹುದು ಅಂತ ಗೊತ್ತು. ಸುಪ್ರೀಂ ಕೋರ್ಟಿನ ಆದೇಶದಂತೆ 2005ರ ಕೊನೆಗೆ ಅಲ್ಲಿ ಗಣಿ ನಿಂತಿತು. ಕೆಸರು ಹಾಗೇ ಇದೆ, ಅದನ್ನು ಕಾಯುತ್ತಲೇ ಇರಬೇಕು.

2019ರ ಜನವರಿ 25ರಂದು ಬ್ರೆಜಿಲ್‌ನ ಬ್ರುಮಾಡಿನ್ಯೊದಲ್ಲಿ ವಾಲೆ ಕಂಪನಿಯ ಇಂಥದ್ದೇ ಅಣೆಕಟ್ಟು ಮಧ್ಯಾಹ್ನ 12:28ಕ್ಕೆ ಕುಸಿಯಿತು. 270 ಜನ ಸತ್ತರು. ಅಣೆಕಟ್ಟಿನ ಕೆಳಗೇ ಕಂಪನಿಯ ಕ್ಯಾಂಟೀನು ಇತ್ತು, ಊಟದ ಹೊತ್ತು. ಅದು ಬಳಕೆಯಲ್ಲಿರದ ಅಣೆಕಟ್ಟು. ಗಟ್ಟಿಯಾಗಿದೆ ಅಂತ ಒಂದು ಹೆಸರಾಂತ ಜರ್ಮನ್ ಪರೀಕ್ಷಾ ಸಂಸ್ಥೆ ಹಿಂದಿನ ವರ್ಷವಷ್ಟೇ ಸರ್ಟಿಫಿಕೇಟ್ ಕೊಟ್ಟಿತ್ತು. ಸರ್ಟಿಫಿಕೇಟ್ ಇದೆ ಅಂದರೆ ಸಾಲದು ಅಂತ ನಾನು ಹೇಳುವುದು ಇದಕ್ಕೇ.

ಈ ದುರಂತದ ನಂತರ 2020ರ ಆಗಸ್ಟ್‌ನಲ್ಲಿ ಟೇಲಿಂಗ್ಸ್‌ಗೆ ಜಾಗತಿಕ ಮಾನದಂಡ ಬಂತು. ಹೂಡಿಕೆದಾರರು ಗಂಟುಬಿದ್ದಿದ್ದರಿಂದ ನೂರಕ್ಕೂ ಹೆಚ್ಚು ಕಂಪನಿಗಳು ತಮ್ಮ ಅಣೆಕಟ್ಟುಗಳ ವಿವರ ಬಿಟ್ಟುಕೊಟ್ಟವು. ಅದೆಲ್ಲ ಗ್ಲೋಬಲ್ ಟೇಲಿಂಗ್ಸ್ ಪೋರ್ಟಲ್ ಅನ್ನುವ ತಾಣದಲ್ಲಿದೆ. ನಿಮ್ಮ ಕಂಪನಿ ಅದರಲ್ಲಿ ಇದೆಯಾ ನೋಡಿ. ಇಲ್ಲದಿದ್ದರೆ ಪತ್ರ ಬರೆದು ಕೇಳಿ: ಎತ್ತರ ಎಷ್ಟು, ಎಷ್ಟು ಕೆಸರು ತುಂಬಿದೆ, ಕಟ್ಟಿದ ವಿಧಾನ ಯಾವುದು, ಒಡೆದರೆ ಯಾವ ಊರಿಗೆ ಎಷ್ಟು ನಿಮಿಷಕ್ಕೆ ತಲುಪುತ್ತದೆ, ಹೊರಗಿನ ತಜ್ಞರು ಕೊನೆಯ ಸಲ ನೋಡಿದ್ದು ಯಾವಾಗ, ಆ ತಜ್ಞರಿಗೆ ಸಂಬಳ ಕೊಡುವವರು ಯಾರು. 'ಅಪ್‌ಸ್ಟ್ರೀಮ್' ವಿಧಾನ ಅಂದರೆ ಹಳೆ ಕೆಸರಿನ ಮೇಲೇ ಹೊಸ ಗೋಡೆ ಏರಿಸುತ್ತಾ ಹೋಗುವುದು. ಅಗ್ಗ, ಆದರೆ ಅಪಾಯ ಜಾಸ್ತಿ. ಬ್ರುಮಾಡಿನ್ಯೊದ್ದೂ ಅದೇ ಥರದ್ದು.

ಹೆಜ್ಜೆ 6: ಜನ ಏನಂದರು?

ಪರಿಸರ ಅನುಮತಿಗೆ ಮುಂಚೆ ಸಾಮಾನ್ಯವಾಗಿ ಜಿಲ್ಲೆಯಲ್ಲಿ ಸಾರ್ವಜನಿಕ ಆಲಿಕೆ ಸಭೆ ನಡೆಯುತ್ತದೆ. ಜನ ಎತ್ತಿದ ಪ್ರಶ್ನೆ, ಅದಕ್ಕೆ ಕಂಪನಿ ಕೊಟ್ಟ ಉತ್ತರ ಎರಡನ್ನೂ ನಡಾವಳಿಯಲ್ಲಿ ಬರೆಯಬೇಕು, ಕನ್ನಡದಲ್ಲೂ ಬರೆಯಬೇಕು. ಇಡೀ ಹುಡುಕಾಟದಲ್ಲಿ ನನಗೆ ಹೆಚ್ಚು ಇಷ್ಟವಾದ ಕಾಗದ ಇದೇ. ಸುಸ್ಥಿರತೆ ವರದಿಯ 200 ಪುಟ ಕೊಡದ ಮಾಹಿತಿಯನ್ನು ಒಬ್ಬ ಅಜ್ಜಿಯ ಎರಡು ಸಾಲು ಕೊಡುತ್ತದೆ. "ನನ್ನ ಹೊಲಕ್ಕೆ ಹೋಗೋ ಬಂಡಿ ದಾರಿ ಎಲ್ಲಿ ಬರ್ತೈತಿ ಹೇಳ್ರಿ" ಅಂತ ಕೇಳಿದ್ದಳು. ಉತ್ತರದ ಕಾಲಂನಲ್ಲಿ 'ಸೂಕ್ತ ಕ್ರಮ ಕೈಗೊಳ್ಳಲಾಗುವುದು'. ಸಭೆಯಲ್ಲಿ ಕೊಟ್ಟ ಮಾತುಗಳನ್ನು ಪಟ್ಟಿ ಮಾಡಿ, ಎಷ್ಟು ಕೆಲಸ, ಎಷ್ಟು ರಸ್ತೆ, ಎಷ್ಟು ನೀರಿನ ಟ್ಯಾಂಕ್ ಅಂತ. ಐದು ವರ್ಷ ಆದಮೇಲಿನ ವರದಿಯಲ್ಲಿ ಅವು ಎಲ್ಲಿವೆ ನೋಡಿ.

ಕಾನೂನು ಪಾಲಿಸಿದರೆ ಜವಾಬ್ದಾರಿ ಮುಗಿಯಿತು ಅನ್ನುವವರಿಗೆ ಜೂಕನ್ ಗಾರ್ಜ್ ನೆನಪಿಸಬೇಕು. 2020ರ ಮೇನಲ್ಲಿ ಪಶ್ಚಿಮ ಆಸ್ಟ್ರೇಲಿಯಾದಲ್ಲಿ ರಿಯೊ ಟಿಂಟೊ ಕಂಪನಿ 46,000 ವರ್ಷ ಹಿಂದಿನ ಮನುಷ್ಯರ ಗುರುತಿದ್ದ ಗುಹೆಗಳನ್ನು ಸ್ಫೋಟಿಸಿತು. ಸರಕಾರದ ಅನುಮತಿ ಕೈಯಲ್ಲಿತ್ತು. ಆ ಜಾಗದ ಮೂಲ ನಿವಾಸಿಗಳು ಬೇಡ ಅಂದಿದ್ದರು. ಕೊನೆಗೆ ಕಂಪನಿಯ ಮುಖ್ಯಸ್ಥರೇ ಹುದ್ದೆ ಬಿಡಬೇಕಾಯಿತು. ನಮ್ಮಲ್ಲಿ ಒಡಿಶಾದ ನಿಯಮಗಿರಿ ಬೆಟ್ಟ ಇದೆ. ಬಳ್ಳಾರಿಯ ತೀರ್ಪು ಬಂದ ಅದೇ ದಿನ, 2013ರ ಏಪ್ರಿಲ್ 18ರಂದು, ಅಲ್ಲಿ ಗಣಿ ಬೇಕೋ ಬೇಡವೋ ಅಂತ ಅಲ್ಲಿನ ಗ್ರಾಮಸಭೆಗಳೇ ಹೇಳಲಿ ಅಂತ ಸುಪ್ರೀಂ ಕೋರ್ಟು ಅಂದಿತು. 12 ಗ್ರಾಮಸಭೆಗಳೂ ಬೇಡ ಅಂದವು. ಗಣಿ ಬರಲಿಲ್ಲ.

ಈಗ ದುಡ್ಡಿನ ವಿಷಯ. ಮೂರು ಥರದ ದುಡ್ಡನ್ನು ಒಂದೇ ಬುಟ್ಟಿಗೆ ಹಾಕಿ ತೋರಿಸುವುದು ರೂಢಿ. ರಾಜಧನ ಸರಕಾರಕ್ಕೆ ಕಟ್ಟುವುದು, ಅದು ಅದಿರಿನ ಬೆಲೆ, ದಾನ ಅಲ್ಲ. ಜಿಲ್ಲಾ ಖನಿಜ ಪ್ರತಿಷ್ಠಾನಕ್ಕೆ ಕಟ್ಟುವ ಡಿಎಂಎಫ್ ಕೂಡ 2015ರ ಕಾನೂನು ತಿದ್ದುಪಡಿಯಿಂದ ಬಂದ ಕಡ್ಡಾಯ. ಹರಾಜಿನಲ್ಲಿ ಪಡೆದ ಗಣಿಗೆ ರಾಜಧನದ ಶೇ 10, ಅದಕ್ಕಿಂತ ಹಳೆ ಲೀಸಿಗೆ ಶೇ 30. ಮೂರನೆಯದು ಸಿಎಸ್‌ಆರ್, ಹಿಂದಿನ ಮೂರು ವರ್ಷದ ಸರಾಸರಿ ಲಾಭದ ಶೇ 2. ಅದೂ 2013ರ ಕಂಪನಿ ಕಾಯ್ದೆಯ ಕಡ್ಡಾಯವೇ. 'ಸಮುದಾಯಕ್ಕೆ 300 ಕೋಟಿ' ಅಂತ ಇದ್ದರೆ ಬಿಡಿಸಿ ನೋಡಿ, ಕಾನೂನು ಹೇಳಿದ್ದಕ್ಕಿಂತ ಜಾಸ್ತಿ ಕೊಟ್ಟಿದ್ದು ಎಷ್ಟು. ಹಲವು ಸಲ ಸೊನ್ನೆ.

ಸಿಎಸ್‌ಆರ್ ಪಟ್ಟಿಯಲ್ಲಿ ಊರ ಹೆಸರುಗಳನ್ನೂ ಓದಿ. ಧೂಳು ಕುಡಿಯುವ ಹಳ್ಳಿಗೆ ಎಷ್ಟು ಹೋಯಿತು, ಬೆಂಗಳೂರಿನ ಕಾರ್ಯಕ್ರಮಗಳಿಗೆ ಎಷ್ಟು ಬಂತು? ಇದನ್ನು ಲೆಕ್ಕ ಹಾಕುವಾಗ ನನಗೇ ಸ್ವಲ್ಪ ಮುಜುಗರ ಆಯಿತು. ನಮ್ಮ ಸಂಘ ಇರುವುದು ಬಸವನಗುಡಿಯಲ್ಲಿ.

ಹೆಜ್ಜೆ 7: ಬೇರೆಯವರು ಮಾಡಿದ ಹೋಂವರ್ಕ್

ನಾರ್ವೆ ಸರಕಾರದ ಪಿಂಚಣಿ ನಿಧಿ ಯಾವ ಕಂಪನಿಯನ್ನು ಯಾಕೆ ಕೈಬಿಟ್ಟಿತು ಅನ್ನುವ ಪಟ್ಟಿಯನ್ನು ಎಲ್ಲರಿಗೂ ಕಾಣುವಂತೆ ಇಡುತ್ತದೆ. ಕಾರಣವನ್ನು ಪುಟಗಟ್ಟಲೆ ಬರೆದಿರುತ್ತಾರೆ, ಓದಲು ಚೆನ್ನಾಗಿರುತ್ತದೆ. ವಾಲೆಯನ್ನು 2020ರಲ್ಲಿ ಹೊರಹಾಕಿತು. ರಿಯೊ ಟಿಂಟೊವನ್ನು 2008ರಲ್ಲಿ ಹೊರಹಾಕಿ 2019ರಲ್ಲಿ ವಾಪಸ್ ಸೇರಿಸಿತು, ಮರುವರ್ಷವೇ ಜೂಕನ್ ಗಾರ್ಜ್ ಆಯಿತು. ಆದ್ದರಿಂದ ಈ ಪಟ್ಟಿಯೂ ದೇವರ ವಾಕ್ಯ ಅಲ್ಲ.

ಭಾರತೀಯ ಗಣಿ ಬ್ಯೂರೋ ಗಣಿಗಳಿಗೆ ಸ್ಟಾರ್ ರೇಟಿಂಗ್ ಕೊಡುತ್ತದೆ. ಅದರಲ್ಲಿ ಗಣಿಯವರೇ ಮೊದಲು ತಮಗೆ ತಾವೇ ಅಂಕ ಹಾಕಿಕೊಳ್ಳುತ್ತಾರೆ, ಬ್ಯೂರೋ ಆಮೇಲೆ ಪರಿಶೀಲಿಸುತ್ತದೆ. ಐಸಿಎಂಎಂ ಸದಸ್ಯ ಅಂದರೆ ದೊಡ್ಡ ಕಂಪನಿಗಳ ಕೂಟದಲ್ಲಿ ಇದ್ದಾರೆ ಅಂತ. ಇರ್ಮಾ ಅನ್ನುವ ಗಣಿ ಪರೀಕ್ಷೆಯ ಸಂಸ್ಥೆ ಬೇರೆ ಥರ. ಅಲ್ಲಿ ಒಂದೊಂದು ಗಣಿಯನ್ನೇ ಹೊರಗಿನವರು ಪರೀಕ್ಷಿಸುತ್ತಾರೆ, ಕಾರ್ಮಿಕ ಸಂಘಗಳಿಗೂ ಸುತ್ತಲ ಜನರಿಗೂ ಅದರ ಆಡಳಿತದಲ್ಲಿ ಸಮಾನ ಓಟು ಇದೆ. ಪರಿಸರ, ಸಮಾಜ, ಆಡಳಿತ ನೋಡಿ ಅಂಕ ಕೊಡುವ ಇಎಸ್‌ಜಿ ರೇಟಿಂಗ್‌ಗಳಲ್ಲಿ ಬಹಳಷ್ಟು ಅಳೆಯುವುದು ಪರಿಸರದಿಂದ ಕಂಪನಿಯ ಲಾಭಕ್ಕೆ ಎಷ್ಟು ಅಪಾಯ ಅಂತ. ಕಂಪನಿಯಿಂದ ಪರಿಸರಕ್ಕೆ ಎಷ್ಟು ಅಪಾಯ ಅನ್ನುವುದು ಬೇರೆ ಪ್ರಶ್ನೆ.

ಹಸಿರು ನ್ಯಾಯಮಂಡಳಿಯಲ್ಲಿ ಕೇಸು ಇದೆಯಾ ಅಂತಲೂ ನೋಡಿ. ಕರ್ನಾಟಕಕ್ಕೆ ಚೆನ್ನೈ ಪೀಠ. ಅಲ್ಲಿ ಸಿಕ್ಕಿದ ದಂಡ ಬಿಆರ್‌ಎಸ್‌ಆರ್‌ನ ದಂಡದ ಪಟ್ಟಿಯಲ್ಲಿ ಇಲ್ಲದಿದ್ದರೆ ಕೆಂಪು ಪೆನ್ನಿನಿಂದ ಗುರುತು ಹಾಕಿ.

ಹೆಜ್ಜೆ 8: ಹತ್ತು ರೂಪಾಯಿಯ ಅರ್ಜಿ

ಸಿಗದ ಕಾಗದಕ್ಕೆ ಆರ್‌ಟಿಐ, ಅಂದರೆ ಮಾಹಿತಿ ಹಕ್ಕಿನ ಅರ್ಜಿ, ಹಾಕಿ. ಪರಿಸರ ಅನುಮತಿಯ ವಿಷಯ ಆದರೆ ಕೇಂದ್ರ ಪರಿಸರ ಸಚಿವಾಲಯದ ಪ್ರಾದೇಶಿಕ ಕಚೇರಿ ಕೋರಮಂಗಲದಲ್ಲಿದೆ. ಮಾಲಿನ್ಯ ನಿಯಂತ್ರಣ ಮಂಡಳಿ ಚರ್ಚ್ ಸ್ಟ್ರೀಟಿನ ಪರಿಸರ ಭವನದಲ್ಲಿದೆ. ಪಕ್ಕದ ಮ್ಯೂಸಿಯಂ ರಸ್ತೆ ಪೋಸ್ಟ್ ಆಫೀಸಿನಲ್ಲಿ ಹತ್ತು ರೂಪಾಯಿಯ ಪೋಸ್ಟಲ್ ಆರ್ಡರ್ ತಗೊಂಡು ಹೋಗಬಹುದು.

ರಾಜ್ಯದ ಕಚೇರಿಗೆ ಹಾಕುವ ಅರ್ಜಿ ಒಂದೇ ವಿಷಯದ ಮೇಲೆ, 150 ಪದದೊಳಗೆ ಇರಬೇಕು. ನನ್ನ ಮೊದಲ ಅರ್ಜಿ ಕಥೆ ಥರ ಎರಡು ಪುಟ ಇತ್ತು, ಒಂದು ಕಚೇರಿಯಿಂದ ವಾಪಸ್ ಬಂತು. 'ಯಾಕೆ ಕ್ರಮ ತಗೊಂಡಿಲ್ಲ' ಅಂತ ಕೇಳಬೇಡಿ, ಅದಕ್ಕೆ ಉತ್ತರ ಬರುವುದಿಲ್ಲ. 'ಇಂಥ ಗಣಿಗೆ ಇಂಥ ತಾರೀಕಿನಿಂದ ಇಂಥ ತಾರೀಕಿನವರೆಗೆ ಕೊಟ್ಟ ನೋಟಿಸುಗಳ ಮತ್ತು ಸ್ಥಳ ತನಿಖಾ ವರದಿಗಳ ಪ್ರತಿ ಕೊಡಿ' ಅಂತ ಕೇಳಿ. ಅಷ್ಟೇ. 30 ದಿನ ಕಾಯಿರಿ.

ಹೆಜ್ಜೆ 9: ಒಂದು ದಿನ ಹೋಗಿ ಬನ್ನಿ

ಬಳ್ಳಾರಿ, ಸಂಡೂರು ಕಡೆ ಆದರೆ ರಾತ್ರಿ ಹಂಪಿ ಎಕ್ಸ್‌ಪ್ರೆಸ್ ಹತ್ತಿದರೆ ಬೆಳಿಗ್ಗೆ ಹೊಸಪೇಟೆ. ಗಣಿಯೊಳಗೆ ಬಿಡಿ ಅಂತ ಕೇಳಿ ಹೋಗಬೇಡಿ. ಕೇಳಿ ಹೋದರೆ ಅವರು ತೋರಿಸಿದ್ದು ಕಾಣುತ್ತದೆ. ಗೇಟಿನ ಹೊರಗಿನ ಚಹಾ ಅಂಗಡಿಯಲ್ಲಿ ಕೂತುಕೊಳ್ಳಿ. ಲಾರಿಗಳ ಮೇಲೆ ಟಾರ್ಪಾಲ್ ಕಟ್ಟಿದ್ದಾರಾ, ಅರ್ಧ ಗಂಟೆಗೆ ಎಷ್ಟು ಲಾರಿ ಹೋದವು, ರಸ್ತೆ ಬದಿಯ ಗಿಡದ ಎಲೆ ಯಾವ ಬಣ್ಣ. ಆಶಾ ಕಾರ್ಯಕರ್ತೆಯನ್ನು, ಶಾಲೆ ಮೇಷ್ಟ್ರನ್ನು ಮಾತಾಡಿಸಿ.

ನಾನು ಹೋದ ದಿನ ರಸ್ತೆ ಒದ್ದೆಯಾಗಿತ್ತು, ಧೂಳೇ ಇರಲಿಲ್ಲ. ಪರವಾಗಿಲ್ಲವೇ ಅಂದೆ. ಚಹಾ ಕೊಟ್ಟ ಹೆಂಗಸು ನಕ್ಕಳು. "ಇವತ್ತ್ ಯಾರೋ ಸಾಹೇಬ್ರು ಬರ್ತಾರಂತ ಸರ, ಮುಂಜಾನೆಲಿಂದ ಟ್ಯಾಂಕರ್ ನೀರ್ ಹೊಡ್ಯಾಕ್ ಹತ್ಯಾವ. ನಾಳೆ ಬರ್ರಿ." ರೈಲು ಟಿಕೆಟ್ ರದ್ದು ಮಾಡಿ ಒಂದು ದಿನ ಉಳಿದೆ. ಮರುದಿನ ನನ್ನ ಬಿಳಿ ಅಂಗಿ ಮಧ್ಯಾಹ್ನಕ್ಕೆ ಕಾವಿ ಬಣ್ಣಕ್ಕೆ ತಿರುಗಿತು.

ಹೆಜ್ಜೆ 10: ಅಂಕ ಹಾಕುವುದು, ಪತ್ರ ಬರೆಯುವುದು

ಎಲ್ಲದಕ್ಕೂ ಹತ್ತಕ್ಕೆ ಇಷ್ಟು ಅಂತ ಹಾಕಿ ಸರಾಸರಿ ತೆಗೆಯಬೇಡಿ. ಒಳ್ಳೆ ಆಸ್ಪತ್ರೆ ಕಟ್ಟಿದ್ದಕ್ಕೆ ಹತ್ತು, ಅಪಾಯದ ಅಣೆಕಟ್ಟಿಗೆ ಸೊನ್ನೆ, ಸರಾಸರಿ ಐದು ಅಂದರೆ ಏನು ಅರ್ಥ? ಮೊದಲು ದಾಟಬಾರದ ಗೆರೆಗಳನ್ನು ಬರೆದುಕೊಳ್ಳಿ. ನನ್ನವು ನಾಲ್ಕು: ಸತತ ಮೂರು ವರ್ಷ ಕಾರ್ಮಿಕರ ಸಾವು, ಲೀಸಿನ ಹೊರಗೆ ಗುಂಡಿ ಅಥವಾ ಡಂಪ್, ಗ್ರಾಮಸಭೆ ಬೇಡ ಅಂದರೂ ಶುರು ಮಾಡಿದ ಗಣಿ, ಅಂಕಿಗಳಲ್ಲಿ ಸುಳ್ಳು. ಇದರಲ್ಲಿ ಒಂದಿದ್ದರೂ ಮುಂದೆ ಅಂಕ ಹಾಕುವ ಮಾತಿಲ್ಲ, ಮೊದಲು ವಿವರಣೆ ಬೇಕು.

ಆಮೇಲೆ ಕಂಪನಿ ಸೆಕ್ರೆಟರಿಗೆ ಒಂದು ಪುಟದ ಪತ್ರ ಬರೆಯಿರಿ. ಅವರ ಇಮೇಲ್ ವಾರ್ಷಿಕ ವರದಿಯಲ್ಲೇ ಇರುತ್ತದೆ. ಐದಕ್ಕಿಂತ ಜಾಸ್ತಿ ಪ್ರಶ್ನೆ ಬೇಡ. ಪ್ರತಿ ಪ್ರಶ್ನೆಗೂ ಯಾವ ವರದಿ, ಎಷ್ಟನೇ ಪುಟ, ಯಾವ ಸಾಲು ಅಂತ ಬರೆಯಿರಿ. ಆರೋಪದ ಧಾಟಿ ಬೇಡ, ಲೆಕ್ಕ ತಾಳೆ ಆಗುತ್ತಿಲ್ಲ ಅನ್ನುವ ಧಾಟಿ ಸಾಕು.

ನಮ್ಮ ಪತ್ರಕ್ಕೆ ಮೂರು ವಾರಕ್ಕೆ ಉತ್ತರ ಬಂತು. ನೀರಿನ ಲೆಕ್ಕ, ಕಾರ್ಮಿಕರ ಲೆಕ್ಕ ಚೆನ್ನಾಗಿಯೇ ಬಿಡಿಸಿ ಕೊಟ್ಟಿದ್ದರು, ಅದನ್ನು ಒಪ್ಪಬೇಕು. ಮುಚ್ಚುವ ಯೋಜನೆಯ ದುಡ್ಡಿನ ವಿವರವೂ ಇತ್ತು. ಬಂಡಿ ದಾರಿಯ ಪ್ರಶ್ನೆಗೆ 'ಪರಿಶೀಲನೆಯಲ್ಲಿದೆ' ಅಂತ ಇತ್ತು. ಧೂಳಿನ ಪಟ್ಟಿಗೆ 'ಟೈಪಿಂಗ್ ತಪ್ಪಾಗಿದೆ, ಸರಿಯಾದ ಪಟ್ಟಿ ಕಳಿಸುತ್ತೇವೆ' ಅಂದಿದ್ದರು. ಆ ಪಟ್ಟಿ ಇನ್ನೂ ಬಂದಿಲ್ಲ. ಬರುವ ತನಕ ಸಿಎಸ್‌ಆರ್ ದುಡ್ಡಿನ ವಿಷಯ ಮುಂದಕ್ಕೆ ಹಾಕೋಣ ಅಂತ ಮೀಟಿಂಗಿನಲ್ಲಿ ತೀರ್ಮಾನ ಆಯಿತು. ಈ ಸಲದ ವಿದ್ಯಾರ್ಥಿವೇತನಕ್ಕೆ ನಾವೇ 32 ಜನ ಐದೈದು ಸಾವಿರ ಹಾಕಿದೆವು, "ದುಡ್ಡಿಗೇನು ಜಾತಿ" ಅಂದವರೂ ಸೇರಿ.